ಅಂದಾಜು ಎಂಬ ಶಬ್ದ

‘ಅಂದಾಜು’ ಪಾರಸಿ ಮೂಲದ ಶಬ್ದ. ನಾಲ್ಕನೆಯ ಇಯತ್ತೆಯವರೆಗೆ ಕನ್ನಡದಲ್ಲಿಯೂ ಮುಂದೆ ಮರಾಠಿಯಲ್ಲಿಯೂ ಕಲಿತ ನನಗೆ ಎರಡೂ ಭಾಷೆಗಳು ಅದನ್ನು ತಮ್ಮದೆಂದೇ ಕಲಿಸಿದವು. ನಮ್ಮ ಮನೆಮಾತಿನಲ್ಲಿ ಅದು ಊಹೆಗೆ ಹತ್ತಿರ; ಮರಾಠಿಯ ‘ಅಂದಾಜಪತ್ರಕ’ದಲ್ಲಿ ಲೆಕ್ಕಕ್ಕೆ ಹತ್ತಿರ. ಕೊಳಚೆನೀರಿನ ಶುದ್ಧೀಕರಣ ಸ್ಥಾವರವೊಂದರ ಅಂದಾಜಪತ್ರಕವನ್ನು ಓಣಿಯ ಹಿರಿಯರಿಗೆ ಕನ್ನಡದಲ್ಲಿ ತಿಳಿಸಬೇಕಾಗಿ ಬಂದಾಗ ಈ ಎರಡು ಅರ್ಥಗಳೂ ಒಂದೇ ಕಾಗದದಲ್ಲಿ ಎದುರಾದವು.

ಲೆಕ್ಕವು ಜನಸಂಖ್ಯೆಯಿಂದ ಆರಂಭವಾಗುತ್ತದೆ. ಸೋಲಾಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. 2011ರ ಜನಗಣತಿಯಂತೆ ಅಲ್ಲಿಯ ಜನ ಸುಮಾರು 9.5 ಲಕ್ಷ. ಒಳಚರಂಡಿಯುಳ್ಳ ನಗರಕ್ಕೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ರೂಢಿಯ ಮಾನದಂಡ. ಅದರಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಮರಳುವುದೆಂದು ಎಣಿಸುವರು. ಗುಣಿಸಿದರೆ ದಿನಕ್ಕೆ ಹತ್ತು ಕೋಟಿ ಲೀಟರಿಗೂ ತುಸು ಹೆಚ್ಚು, ಎಂದರೆ ಸುಮಾರು 103 ಎಂ.ಎಲ್.ಡಿ. ಆಗುತ್ತದೆ. ಇದರ ಮೇಲೆ ಮುಂದಿನ ದಶಕಗಳ ಜನವೃದ್ಧಿಯನ್ನು ಕೂಡಿಸಬೇಕು.

ಗಾತ್ರ ಇಮ್ಮಡಿಯಾದರೆ ವೆಚ್ಚ ಇಮ್ಮಡಿಯಾಗುವುದಿಲ್ಲ. ಎಂಜಿನಿಯರರು ಸ್ಥೂಲ ಅಂದಾಜಿಗೆ ಗಾತ್ರದ 0.6ನೆಯ ಘಾತವನ್ನು ಬಳಸುವುದುಂಟು. ಅದರಂತೆ ಇಮ್ಮಡಿ ಗಾತ್ರಕ್ಕೆ ಒಂದೂವರೆ ಪಟ್ಟು ವೆಚ್ಚ. ಇದೇ ಸೂತ್ರವನ್ನು ತಿರುಗಿಸಿ ನೋಡಿದರೆ, ಹತ್ತನೆಯ ಒಂದು ಪಾಲಿನ ಸ್ಥಾವರಕ್ಕೂ ವೆಚ್ಚದ ಕಾಲುಭಾಗ ಬೇಕು. ಆದುದರಿಂದ ಮಹಾನಗರದ ದರವನ್ನು ಅಕ್ಕಲಕೋಟೆಯಂಥ ಸಣ್ಣ ಊರಿಗೆ ಹಚ್ಚಿದರೆ ಹಣ ಸಾಲದೆ ಬರುತ್ತದೆ. ಕೊಳಗಳ ಪದ್ಧತಿಗೆ ಭೂಮಿ ಹೆಚ್ಚು ಬೇಕು, ವಿದ್ಯುತ್ತು ಕಡಿಮೆ. ಗಾಳಿಯೂದುವ ಯಂತ್ರಗಳ ಪದ್ಧತಿಗೆ ಭೂಮಿ ಕಡಿಮೆ, ವಿದ್ಯುತ್ತು ಹೆಚ್ಚು. ನೀರನ್ನು ಅಲ್ಲಿಯವರೆಗೆ ಒಯ್ಯುವ ಕೊಳವೆಗಳ ಜಾಲಕ್ಕೆ ಸ್ಥಾವರಕ್ಕಿಂತಲೂ ಹೆಚ್ಚು ಹಣ ಬೀಳುವುದುಂಟು.

ಇಷ್ಟನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಾಗ ಹಿರಿಯರೊಬ್ಬರು ಕೇಳಿದರು: “ತಲಿಗೆ 135 ಲೀಟರ್ ಅಂತೀರಿ. ನಮ್ಮ ನಳಕ್ಕ ಅಷ್ಟು ನೀರು ಯಾವಾಗ ಬಂದದ್ರಿ, ಸರ?” ಕಾಗದದ ಪುಟಗಳಲ್ಲಿ ಎಲ್ಲಿಯೂ ಇಲ್ಲದ ಪ್ರಶ್ನೆ ಅದು. ಬಾರದ ನೀರು ಕೊಳಚೆಯಾಗಿ ಹೇಗೆ ಹೋದೀತು? ಮೊದಲ ಸಂಖ್ಯೆಯೇ ಊಹೆಯಾದರೆ ಅದರ ಮೇಲಿನ ಲೆಕ್ಕವೆಲ್ಲ ಎಷ್ಟು ಶುದ್ಧವಾಗಿದ್ದರೂ ಊಹೆಯೇ. ಅಗತ್ಯಕ್ಕಿಂತ ದೊಡ್ಡದಾಗಿ ಕಟ್ಟಿದ ಸ್ಥಾವರದ ಭಾರವನ್ನು ಹೊರುವವರು ಕರ ತೆರುವ ಜನ.

ವಿದ್ಯಾರ್ಥಿಗಳೇ, ಆ ಹಿರಿಯರಿಗೆ ಗಣಿತದ ಕೊರತೆಯಿರಲಿಲ್ಲ. ಕಾಗದದ ಭಾಷೆ ಅವರದಾಗಿರಲಿಲ್ಲ, ಅಷ್ಟೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮನ ನೆಲದಲ್ಲಿ ಕನ್ನಡಕ್ಕೆ ನೀರಿನ ಕೆಲಸ ಹೊಸದಲ್ಲ. ಎರಡು ಭಾಷೆ ಬಲ್ಲ ನೀವು ನಿಮ್ಮ ನಿಮ್ಮ ಊರಿನ ಅಂದಾಜಪತ್ರಕವನ್ನು ತರಿಸಿ, ಓದಿ, ಮನೆಯವರಿಗೆ ಕನ್ನಡದಲ್ಲಿ ತಿಳಿಸಿರಿ.