ಅಪ್ಪನ ಕೀಲಿ

ಡೊಂಬಿವಲಿಯ ನಮ್ಮಂಥ ಮನೆಗಳಲ್ಲಿ ಒಂದು ಮೇಜಿಗೆ ಮೂರು ಕೆಲಸ. ಬೆಳಿಗ್ಗೆ ತಿಂಡಿ, ಹಗಲು ನನ್ನ ಆಫೀಸು, ಸಂಜೆ ಅಪ್ಪನ ಓದು. ಮೇಜಿನ ಮೇಲಿರುವ 24 ಇಂಚಿನ ಮಾನಿಟರೂ ಒಂದೇ.

ವಾರದಲ್ಲಿ ಮೂರು ದಿನ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು, ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋಗುತ್ತೇನೆ. ಅಲ್ಲಿ ಅಕ್ಕಪಕ್ಕ ಎರಡು ಮಾನಿಟರು. ಲಿನಕ್ಸ್‌ನಲ್ಲಿ ಇವನ್ನು ಜೋಡಿಸಲು ಎಕ್ಸ್‌ರ್ಯಾಂಡರ್ ಎಂಬ ಕಮಾಂಡ್ ಇದೆ. ಯಾವ ಪರದೆ ಯಾವುದರ ಬಲಕ್ಕೆ, ಯಾವುದು ಅಡ್ಡ, ಯಾವುದು ನೆಟ್ಟಗೆ ಎಂದು ಒಂದು ಸಾಲಿನಲ್ಲಿ ಹೇಳಬಹುದು. ದಿನಾ ಟೈಪ್ ಮಾಡುವ ಬದಲು ಆ ಸಾಲುಗಳನ್ನೆಲ್ಲ ಒಂದು ಸ್ಕ್ರಿಪ್ಟಿಗೆ ಹಾಕಿದೆ.

ಮನೆಯ ಮಾನಿಟರೂ ಆಫೀಸಿನದೂ ಸಿಕ್ಕಿಸುವುದು ಅದೇ ಎಚ್‌ಡಿಎಂಐ ಕಿಂಡಿಗೆ. ಕಿಂಡಿಯ ಹೆಸರು ನೋಡಿದರೆ ವೈರಿನ ಆ ತುದಿಯಲ್ಲಿ ಯಾರಿದ್ದಾರೆಂದು ತಿಳಿಯದು. ಆದರೆ ಪ್ರತಿ ಮಾನಿಟರಿನೊಳಗೂ ಇಡಿಐಡಿ ಎಂಬ ಪುಟ್ಟ ಜಾತಕವಿರುತ್ತದೆ. ಅದರ ಮೊದಲ 128 ಬೈಟುಗಳಲ್ಲೇ ತಯಾರಕರ ಗುರುತು, ಮಾದರಿ, ತಯಾರಾದ ವರ್ಷ ಸಿಗುತ್ತವೆ. ಸ್ಕ್ರಿಪ್ಟು ಅದನ್ನು ಓದಿ, ಇದು ಮನೆ, ಇದು ಆಫೀಸು ಎಂದು ತೀರ್ಮಾನಿಸುತ್ತದೆ. ಆಟೋರ್ಯಾಂಡರ್ ಎಂಬ ಸಿದ್ಧ ತಂತ್ರಾಂಶ ಮಾಡುವುದೂ ಇದನ್ನೇ.

ಉಳಿದದ್ದು ಅಪ್ಪ. ಕುಂದಾಪುರದ ಕಡೆಯಿಂದ ಹುಡುಗರಾಗಿದ್ದಾಗಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರು. ಈಗ ಕಣ್ಣು ಮಂಜು. ಅಚ್ಚಿನ ಪೇಪರು ಓದಲಾಗುವುದಿಲ್ಲ. ಮಾನಿಟರನ್ನು ಸ್ಟ್ಯಾಂಡಿನ ಮೇಲೆ ತಿರುಗಿಸಿ ನೆಟ್ಟಗೆ ನಿಲ್ಲಿಸಿದರೆ ಕನ್ನಡ ಪತ್ರಿಕೆಯ ಇಡೀ ಪುಟ ಮೇಲಿಂದ ಕೆಳಗೆ ದೊಡ್ಡದಾಗಿ ಕಾಣುತ್ತದೆ. "ಇದನ್ ಒಂಚೂರ್ ನಿಲ್ಸಿ ಕೊಡ್ತ್ಯಾ ಮಗಾ?" ಎಂದು ಸಂಜೆ ಕೇಳುತ್ತಿದ್ದರು. ನಾನು ಫೋನಿನಲ್ಲಿದ್ದರೆ ಕೇಳದೆ, ಸುಮ್ಮನೆ ಕಿಟಕಿಯ ಬಳಿ ಕೂರುತ್ತಿದ್ದರು. ಜೀವಮಾನದಲ್ಲಿ ಓದಿಗಾಗಿ ಯಾರ ಅಪ್ಪಣೆಗೂ ಕಾಯದವರು ಈಗ ನನ್ನ ಪುರುಸೊತ್ತಿಗೆ ಕಾಯುತ್ತಿದ್ದರು.

ಇಲ್ಲಿ ಜಾತಕ ಕೆಲಸಕ್ಕೆ ಬರುವುದಿಲ್ಲ. ಮಾನಿಟರು ಅದೇ, ಕಿಂಡಿ ಅದೇ. ಎದುರಿಗೆ ಕೂತವರು ಮಾತ್ರ ಬೇರೆ. ಅದನ್ನು ಯಂತ್ರ ತಾನಾಗಿ ತಿಳಿಯದು, ಮನುಷ್ಯರೇ ಹೇಳಬೇಕು. ಹಾಗೆ ಹೇಳುವವರು ನಾನೇ ಆಗಬೇಕೆಂದೇನೂ ಇಲ್ಲವಲ್ಲ! ಸ್ಕ್ರಿಪ್ಟಿಗೆ ಇನ್ನೊಂದು ಜೋಡಣೆ ಸೇರಿಸಿ, ಅದನ್ನು ಎಫ್9 ಕೀಲಿಗೆ ಕಟ್ಟಿದೆ. ಒಮ್ಮೆ ಒತ್ತಿದರೆ ಚಿತ್ರ ನೆಟ್ಟಗೆ, ಮತ್ತೊಮ್ಮೆ ಒತ್ತಿದರೆ ನನ್ನ ಆಫೀಸಿನ ಅಡ್ಡ ಪರದೆ.

ಕೀಲಿಯ ಮೇಲೆ ಬಿಳಿ ಚೀಟಿ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ "ಅ" ಎಂದು ಬರೆದುಕೊಂಡವರು ಅಪ್ಪನೇ. ಈಗ ಏಳು ಗಂಟೆಯಾದರೆ ನಾನು ಲ್ಯಾಪ್‌ಟಾಪ್ ಬಿಟ್ಟುಕೊಡಬೇಕು. ಅವರೇ ಬಂದು ಎಬ್ಬಿಸುತ್ತಾರೆ.