ಗುಂಡನ ದನಿ ಬದಲಾದಾಗ

ಊರಲ್ಲಿ ದನದ ಕಿವಿಯಲ್ಲೋ ನಾಯಿ ಕತ್ತಿನಲ್ಲೋ ಉಣ್ಣೆ ಕಂಡರೆ ಕಿತ್ತು ಒಲೆಗೆ ಹಾಕ್ತಿದ್ವಿ, ಅಷ್ಟೇ. ಅದಕ್ಕಾಗಿ ಯಾರೂ ಡಾಕ್ಟರ ಹತ್ರ ಓಡಿದ್ದಿಲ್ಲ. ಆಸ್ಟ್ರೇಲಿಯಾಕ್ಕೆ ಬಂದಾಗ ಆ ಉಡಾಫೆಯೂ ನಮ್ಮ ಜೊತೆಗೇ ಬಂತು.

ನಾವಿರೋದು ಮೆಲ್ಬರ್ನ್‌ನಲ್ಲಿ. ಇಲ್ಲಿ ಉಣ್ಣೆಯ ಮಾತು ಅಪರೂಪ. ಹೋದ ವರ್ಷ ಸೆಪ್ಟೆಂಬರ್ ಶಾಲೆ ರಜೆಗೆ ನಮ್ಮ ನಾಯಿ ಗುಂಡನನ್ನೂ ಕಾರಲ್ಲಿ ಕೂರಿಸ್ಕೊಂಡು ಸಿಡ್ನಿಯ ನಾರ್ದರ್ನ್ ಬೀಚಸ್‌ನಲ್ಲಿರುವ ನೆಂಟರ ಮನೆಗೆ ಹೋದೆವು. ಹೊರಡುವ ಮುಂಚೆ ಉಣ್ಣೆ ಮಾತ್ರೆ ಕೊಡಿಸೋಣ ಅಂತ ಮನೆಯವರು ಹೇಳಿದ್ದರು. ಲೆಕ್ಕ ಬರೆಯುವವರ ಬುದ್ಧಿ ನೋಡಿ, "ನಾಲ್ಕು ದಿನಕ್ಕೆ ಯಾಕೆ ಖರ್ಚು" ಅಂದುಬಿಟ್ಟೆವು.

ವಾಪಸ್ ಬಂದ ಎರಡನೇ ದಿನ ಮಗಳು, "ಗುಂಡನ ದನಿ ಒಡೆದ ಹಾಗಿದೆ" ಅಂದಳು. ಸಿಡ್ನಿಯಲ್ಲಿ ಬೊಗಳಿ ಬೊಗಳಿ ಗಂಟಲು ಕಟ್ಟಿದೆ ಅಂತ ನಕ್ಕೆವು. ಮಾರನೇ ಬೆಳಿಗ್ಗೆ ಅವನ ಹಿಂಗಾಲು ತೂರಾಡ್ತಿತ್ತು. ಮಧ್ಯಾಹ್ನಕ್ಕೆ ಏಳೋಕೇ ಆಗಲಿಲ್ಲ. ಪಶುವೈದ್ಯರು ಕೇಳಿದ ಮೊದಲ ಪ್ರಶ್ನೆ, "ಕರಾವಳಿ ಕಡೆ ಹೋಗಿದ್ರಾ?" ಕಿವಿಯ ಹಿಂದೆ, ಕೂದಲ ಬುಡದಲ್ಲಿ, ಬೂದು ಬಣ್ಣದ ಕಾಳಿನಂಥದ್ದು ಸಿಕ್ಕಿತು.

ಇದು ಲಕ್ವ ಹೊಡೆಸುವ ಉಣ್ಣೆ; ಇಲ್ಲಿಯವರು ಪ್ಯಾರಾಲಿಸಿಸ್ ಟಿಕ್ ಅಂತಾರೆ. ಕ್ವೀನ್ಸ್‌ಲ್ಯಾಂಡಿನಿಂದ ಪೂರ್ವ ಕರಾವಳಿ ಹಿಡಿದು ವಿಕ್ಟೋರಿಯಾದ ಲೇಕ್ಸ್ ಎಂಟ್ರೆನ್ಸ್‌ವರೆಗೂ ಇದೆ. ಬ್ಯಾಂಡಿಕೂಟ್, ಪೋಸಮ್‌ಗಳ ಮೈಮೇಲೆ ಬದುಕುತ್ತೆ. ವಸಂತ, ಬೇಸಿಗೆಯಲ್ಲಿ ಜೋರು. ವಿಷ ಇರೋದು ಅದರ ಎಂಜಲಲ್ಲಿ. ಸಾಮಾನ್ಯವಾಗಿ ಕಚ್ಚಿ ಮೂರು ನಾಲ್ಕು ದಿನವಾದ ಮೇಲೆ ಲಕ್ಷಣ ಶುರು, ಅಂದರೆ ರಜೆ ಮುಗಿಸಿ ಮನೆ ಸೇರಿದ ಮೇಲೆ! ದನಿ ಬದಲಾಗಬಹುದು, ವಾಂತಿಯಾಗಬಹುದು, ಹಿಂಗಾಲು ಸೋಲುತ್ತೆ, ಕೊನೆಗೆ ಉಸಿರು. ಉಣ್ಣೆ ಕಿತ್ತ ಮೇಲೂ ಒಂದೆರಡು ದಿನ ಕಾಯಿಲೆ ಏರಬಹುದು. ಹಾಗಾಗಿ ತಕ್ಷಣ ಆಸ್ಪತ್ರೆಗೆ ಒಯ್ದು ಪ್ರತಿವಿಷ ಕೊಡಿಸಬೇಕು. ದಾರಿಯಲ್ಲಿ ನೀರು, ಊಟ ಕೊಡಬೇಡಿ. ನುಂಗೋಕಾಗದೆ ಶ್ವಾಸಕೋಶಕ್ಕೆ ಹೋಗುತ್ತೆ.

ಊರಿನ ನಾಯಿಗಳಿಗೆ ಬರುವ ಉಣ್ಣೆ ಜ್ವರ, ಎರ್ಲಿಕಿಯೋಸಿಸ್, ಅದು ಬೇರೆ. ಕಂದು ಉಣ್ಣೆ ಹರಡುವ ಆ ಕಾಯಿಲೆಯೂ 2020ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿ ಪತ್ತೆಯಾಯಿತು. ಉತ್ತರದ ಕಡೆ ಕೆಲಸಕ್ಕೆ ಹೋಗುವವರು ನಾಯಿ ಬಗ್ಗೆ ಎಚ್ಚರ ವಹಿಸಿ. ಶಿವಮೊಗ್ಗ ಕಡೆಯವರಿಗೆ ಉಣ್ಣೆ ಅಂದರೆ ಸಣ್ಣದಲ್ಲ ಅಂತ ಹೇಳಬೇಕಿಲ್ಲ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಮನುಷ್ಯರಿಗೆ ಹರಡೋದೂ ಉಣ್ಣೆಯಿಂದಲೇ.

ಮಾತ್ರೆಗಳಲ್ಲಿ ಕೆಲವು ಒಂದು ತಿಂಗಳು, ಕೆಲವು ಇನ್ನೂ ಹೆಚ್ಚು ಕಾಲ ಕಾಯುತ್ತವೆ. ವೈದ್ಯರನ್ನು ಕೇಳಿ ಕೊಡಿಸಿ, ಮುಂದಿನ ತಾರೀಖು ಕ್ಯಾಲೆಂಡರಿನಲ್ಲಿ ಬರೆದಿಡಿ. ಮಾತ್ರೆ ಕೊಟ್ಟರೂ ಕರಾವಳಿಯಲ್ಲಿ ದಿನಾ ಮೈ ತಡವಿ ನೋಡಿ. ನೈಟ್ ಶಿಫ್ಟ್ ಮುಗಿಸಿ ಬಂದವರಿಗೂ ಐದು ನಿಮಿಷದ ಕೆಲಸ. ಕಿವಿ, ತುಟಿ, ಕತ್ತುಪಟ್ಟಿಯ ಅಡಿ, ಬೆರಳ ಸಂದಿ ಬಿಡಬೇಡಿ.

ಗುಂಡ ಐದನೇ ದಿನ ಮನೆಗೆ ಬಂದ. ಬಿಲ್ಲು ಸಾವಿರಗಟ್ಟಲೆ ಡಾಲರ್. ಉಳಿಸಿದ್ದು ಒಂದು ಮಾತ್ರೆ ದುಡ್ಡು. ಆ ಲೆಕ್ಕ ಹೇಗೋ ತೀರಿತು. ಈಗ ದಿನಾ ಸಂಜೆ ಮಗಳು ಅವನ ಕಿವಿಯಿಂದ ಬಾಲದ ತನಕ ಕೈಯಾಡಿಸ್ತಾಳೆ. ಅವಳು ಏನಾದ್ರೂ ಅಂದರೆ ನಾವೀಗ ನಗೋದಿಲ್ಲ.