ಅಂಬಿಗನ ಊರಿನಲ್ಲಿ ಕೇಳಿದ ಪ್ರಶ್ನೆ

ಹಾವೇರಿಯ ಏಲಕ್ಕಿ ಮಾಲೆಯನ್ನು ಚೀಲದಲ್ಲಿಟ್ಟುಕೊಂಡು ಮೊಮ್ಮಗನೊಡನೆ ಬ್ಯಾಡಗಿಯಲ್ಲಿ ಇಳಿದೆ. ಮಾರುಕಟ್ಟೆಯ ಕೆಂಪು ಮೆಣಸಿನಕಾಯಿ ರಾಶಿಗಳನ್ನು ನೋಡಿ ಮುಗಿಸುವಷ್ಟರಲ್ಲಿ ಹುಡುಗ ಹತ್ತು ಸಲ ಸೀನಿದ. ರಾಣೆಬೆನ್ನೂರಿನಲ್ಲಿ ರೊಟ್ಟಿ ಊಟ ಮಾಡಿ, ಅದೇ ತಾಲ್ಲೂಕಿನ ಚೌಡಯ್ಯದಾನಪುರಕ್ಕೆ ಹೋದೆವು.

ತುಂಗಭದ್ರೆಯ ದಂಡೆಯಲ್ಲಿ ಮುಕ್ತೇಶ್ವರ ಗುಡಿ ಇದೆ. ಅದರ ಕಲ್ಲಿನ ಕೆತ್ತನೆ ನೋಡಲು ಅರ್ಧ ದಿನವೂ ಸಾಲದು. 12ನೇ ಶತಮಾನದ ಶರಣ ಅಂಬಿಗರ ಚೌಡಯ್ಯನವರ ಊರು ಇದು. ದೋಣಿ ನಡೆಸುವುದೇ ಅವರ ಕಾಯಕ.

ನದಿ ನೋಡುತ್ತ ಕುಳಿತಿದ್ದ ಮೊಮ್ಮಗ, "ಅಜ್ಜಾ, ಇತಿಹಾಸದ ಪಾಠದಾಗ ಹಿಟ್ಲರ್ ಯಹೂದಿಗಳನ್ನ ಕೊಲ್ಲಿಸಿದ ಅಂತ ಐತಿ. ಅವರಿಗೂ ಮಠ ಇರ್ತಾವೇನು? ಅವರ ಸ್ವಾಮಿಗಳು ಯಾರು?" ಎಂದ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗಿನಿಂದ ನನಗೆ ಹಳೆಯ ವ್ಯಾಪಾರದ ಕಥೆ ಓದುವ ಹುಚ್ಚು. ಅದರಿಂದಲೇ ಈ ಪ್ರಶ್ನೆಗೆ ಉತ್ತರ ಸಿಕ್ಕಿತು.

ಯಹೂದಿಗಳ ಮೊದಲ ದೊಡ್ಡ ನಾಯಕ ಮೋಶೆ. ಈಜಿಪ್ಟಿನ ದಾಸ್ಯದಿಂದ ಜನರನ್ನು ಕರೆತಂದು ಹತ್ತು ಆಜ್ಞೆಗಳನ್ನು ಕೊಟ್ಟವನೆಂದು ಅವರು ನಂಬುತ್ತಾರೆ. ಆಮೇಲೆ ದಾವೀದ, ಸೊಲೊಮೋನರಂಥ ರಾಜರು ಬಂದರು. ಜೆರುಸಲೇಮಿನ ದೇವಾಲಯದಲ್ಲಿ ಪುರೋಹಿತರಿದ್ದರು. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನು ಸುಟ್ಟರು. ಗುಡಿಯೇ ಇಲ್ಲದ ಮೇಲೆ ಪೂಜಾರಿಗೇನು ಕೆಲಸ? ಆಗ ಯೋಹಾನಾನ್ ಬೆನ್ ಜಕ್ಕಾಯ್ ಎಂಬ ವಿದ್ವಾಂಸ ಯಾವ್ನೆ ಎಂಬ ಊರಿನಲ್ಲಿ ಪಾಠಶಾಲೆ ಕಟ್ಟಿದ. ಅಂದಿನಿಂದ ಯಹೂದಿಗಳಿಗೆ ದಾರಿ ತೋರಿಸಿದವರು ಹೆಚ್ಚಾಗಿ ರಬ್ಬಿಗಳು. ರಬ್ಬಿ ಎಂದರೆ 'ನನ್ನ ಗುರು'. ಎಲ್ಲರ ಮೇಲೊಬ್ಬ ಪೀಠಾಧಿಪತಿ ಅವರಲ್ಲಿಲ್ಲ.

"ನಮ್ಮ ಕಡೆ ಬಂದಿದ್ದರೇನು?" ಎಂದ ಹುಡುಗ.

ಬಂದಿದ್ದರು! ಚೌಡಯ್ಯನವರ ಶತಮಾನದಲ್ಲೇ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಹದಿನೇಳು ವರ್ಷ ಇದ್ದ. ಆಗಿನ್ನೂ ನಮ್ಮ ದೇಶಕ್ಕೆ ಮೆಣಸಿನಕಾಯಿ ಬಂದಿರಲಿಲ್ಲ. ಅವನು ಕಳಿಸುತ್ತಿದ್ದುದು ಕರಿಮೆಣಸು, ಅಡಿಕೆ, ಕಬ್ಬಿಣ, ಹಾವೇರಿ ಮಾಲೆಯಲ್ಲಿರುವ ಇದೇ ಏಲಕ್ಕಿ. ಒಬ್ಬ ಮುಂಗಡ ಹಣ ಪಡೆದು ಏಲಕ್ಕಿ ಕೊಡದೇ ಸತಾಯಿಸಿದ್ದೂ ಪತ್ರಗಳಲ್ಲಿದೆ. (ಸಾಲ ವಸೂಲಿಯ ಕಷ್ಟ ಇಂದಿನದಲ್ಲ!) ಏಡನ್ ಬಂದರಿನಲ್ಲಿ ಅವನ ಲೆಕ್ಕ ನೋಡಿಕೊಳ್ಳುತ್ತಿದ್ದ ಮದ್ಮುನ್ ಅಲ್ಲಿನ ಯಹೂದಿಗಳ ಮುಖಂಡನೂ ಆಗಿದ್ದ. ಸಮುದಾಯದ ಹಿರಿತನ, ಸರಕಿನ ಪಟ್ಟಿ ಎರಡೂ ಒಬ್ಬನ ಕೈಯಲ್ಲೇ.

ದೇವರ ಹೆಸರಿರುವ ಕಾಗದ ಹರಿದೆಸೆಯಬಾರದೆಂದು ಕೈರೋದ ಒಂದು ಯಹೂದಿ ಪ್ರಾರ್ಥನಾಲಯದಲ್ಲಿ ಹಳೆಯ ಕಾಗದಗಳನ್ನೆಲ್ಲ ಒಂದು ಕೋಣೆಗೆ ಹಾಕುತ್ತಿದ್ದರು. ಬೆನ್ ಯಿಜುವಿನ ಪತ್ರಗಳು ಉಳಿದದ್ದು ಹಾಗೆ.

ಅದೇ ಊರಿನಲ್ಲಿದ್ದವರು ಮೈಮೊನಿಡೀಸ್. ನನಗೆ ಅವರ ಮೇಲೆ ಹೆಚ್ಚು ಗೌರವ. ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿ, ಕಿರುಕುಳಕ್ಕೆ ಊರೂರು ಅಲೆದು ಈಜಿಪ್ಟ್ ಸೇರಿದವರು. ಯಹೂದಿ ಕಟ್ಟಳೆಗಳನ್ನೆಲ್ಲ ಕ್ರಮವಾಗಿ ಬರೆದಿಟ್ಟರು. ಯೆಮೆನ್ ದೇಶದ ಯಹೂದಿಗಳನ್ನು ಬಲವಂತದಿಂದ ಮತಾಂತರಿಸುತ್ತಿದ್ದಾಗ ಧೈರ್ಯ ತುಂಬುವ ಪತ್ರ ಬರೆದರು. ಧರ್ಮದ ವಿದ್ಯೆಯನ್ನು ಹೊಟ್ಟೆಪಾಡು ಮಾಡಿಕೊಳ್ಳಬಾರದೆಂಬುದು ಅವರ ಹಟ. ಕೇಳಿದರೆ ನಮ್ಮ ಶರಣರು ತಲೆದೂಗುತ್ತಿದ್ದರು.

ಓದಿಗೆ ಬೆನ್ನೆಲುಬಾಗಿದ್ದವನು ತಮ್ಮ ದಾವೀದ. ಅವನು ವ್ಯಾಪಾರಿ. ಭಾರತಕ್ಕೆ ಹೊರಟ ಅವನ ಹಡಗು ಹಿಂದೂ ಮಹಾಸಾಗರದಲ್ಲಿ ಮುಳುಗಿತು. ಅಣ್ಣನ ಹಣ, ತನ್ನ ಹಣ, ಪರರ ಹಣ ಎಲ್ಲ ಅವನೊಂದಿಗೇ ಹೋಯಿತು. ಹೆಂಡತಿ, ಪುಟ್ಟ ಮಗಳು ಅಣ್ಣನ ಪಾಲಿಗೆ ಉಳಿದರು. ಮೈಮೊನಿಡೀಸ್ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ಎದ್ದ ಮೇಲೆ ವೈದ್ಯಕೀಯದಿಂದಲೇ ಸಂಸಾರ ನಡೆಸಿದರು. ಅರಮನೆಯಿಂದ ಹಸಿದು ಮನೆಗೆ ಬಂದರೆ ಪಡಸಾಲೆ ತುಂಬ ರೋಗಿಗಳು. ಎರಡು ತುತ್ತು ತಿನ್ನಲು ಅವರ ಅಪ್ಪಣೆ ಕೇಳಬೇಕಿತ್ತು.

"ಆ ತಮ್ಮ ಮತ್ತ ಬರಲೇ ಇಲ್ಲೇನಜ್ಜಾ?" ಎಂದ ಹುಡುಗ.

ಬರಲಿಲ್ಲ. ಎಂಟು ವರ್ಷಗಳ ನಂತರವೂ ತಮ್ಮನ ಕೈಬರಹ ಕಂಡರೆ ಕರುಳು ಕಿತ್ತುಬರುತ್ತದೆಂದು ಅಣ್ಣ ಸ್ನೇಹಿತರಿಗೆ ಬರೆದಿದ್ದಾರೆ. ಕೆಂಪು ಸಮುದ್ರದ ಬಂದರಿನಿಂದ, ಭಾರತಕ್ಕೆ ಹೋಗುತ್ತೇನೆ, ಚಿಂತಿಸಬೇಡ ಎಂದು ದಾವೀದ ಬರೆದ ಒಂದು ಕಾಗದವೂ ಆ ಕೋಣೆಯಲ್ಲೇ ಸಿಕ್ಕಿತು. ಈಗ ಅದು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.